ವೇಲಾ ಎಕ್ಸ್-1ರ ಮಂಕು ಅವಧಿಗಳನ್ನು ಹುಡುಕಿದ ಬಗೆ: ನನ್ನ ಅನುಭವ

ವೇಲಾ ಎಕ್ಸ್-1 ಎಂಬ ಜೋಡಿ ನಕ್ಷತ್ರಗಳಲ್ಲಿ ಅತಿ ಸಾಂದ್ರವಾದ ನ್ಯೂಟ್ರಾನ್ ನಕ್ಷತ್ರವೊಂದು ಮಹಾದೈತ್ಯ ನಕ್ಷತ್ರವನ್ನು 8.96 ದಿನಗಳಿಗೊಮ್ಮೆ ಸುತ್ತುತ್ತ, ಅದರಿಂದ ಹೊಮ್ಮುವ ಅನಿಲದ ಮಾರುತದ ಒಂದಂಶವನ್ನು ಸೆಳೆದುಕೊಂಡು ಕ್ಷ-ಕಿರಣಗಳಲ್ಲಿ ಬೆಳಗುತ್ತದೆ. ಈ ಬೆಳಕು ಒಂದೇ ಸಮನಿರುವುದಿಲ್ಲ. 2003ರ ಕೊನೆಯಲ್ಲಿ ಇಂಟೆಗ್ರಲ್ ಉಪಗ್ರಹ ಕ್ಷ-ಕಿರಣ ಕಾಂತಿಗೆ ಅಳತೆಗೋಲಾಗಿ ಬಳಸುವ ಏಡಿ ನೀಹಾರಿಕೆಯ ಐದರಷ್ಟನ್ನೂ ಮೀರಿದ ಭುಗಿಲನ್ನು ಕಂಡಿತ್ತು. ಅದೇ ಅವಧಿಯ ವೀಕ್ಷಣೆಗಳಲ್ಲಿ ಬೆಳಕು ಥಟ್ಟನೆ ಕುಸಿದದ್ದೂ ಉಂಟು. ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿರುವ, ಕ್ಷ-ಕಿರಣಗಳನ್ನು ಎಣಿಸುವ ಲ್ಯಾಕ್ಸ್‌ಪಿಸಿ ಉಪಕರಣದ ದತ್ತಾಂಶದಲ್ಲಿ ಇಂಥ ಕುಸಿತಗಳನ್ನು ಹುಡುಕಲು ಕುಳಿತಾಗ, ಭುಗಿಲುಗಳೇ ಕಷ್ಟ, ಮಂಕು ಅವಧಿಗಳು ಸುಲಭ ಎಂದು ಭಾವಿಸಿದ್ದೆ. ಆದದ್ದು ತದ್ವಿರುದ್ಧ.

ಮೊದಲು 100 ಸೆಕೆಂಡುಗಳ ಎಣಿಕೆಗಳನ್ನು ಒಟ್ಟುಗೂಡಿಸಿ ನಕ್ಷೆ ಬರೆದೆ. ನ್ಯೂಟ್ರಾನ್ ನಕ್ಷತ್ರ ತನ್ನ ಸುತ್ತ ತಿರುಗಲು 283 ಸೆಕೆಂಡು ಬೇಕು, ಅದು ತಿರುಗಿದಂತೆ ಬೆಳಕೂ ಏರಿಳಿದು ಸ್ಪಂದಿಸುತ್ತದೆ; ಆದ್ದರಿಂದ ಪ್ರತಿ ಸ್ಪಂದನದ ಶಿಖರವೂ ನನ್ನ ಪಟ್ಟಿಯಲ್ಲಿ ಪುಟ್ಟ ಭುಗಿಲಾಗಿ ಸೇರಿಬಿಟ್ಟಿತು. ಒಂದು ಸುತ್ತಿನ ಎಣಿಕೆಯನ್ನು ಒಂದೇ ಬಿಂದುವಾಗಿಸಿದ ಮೇಲೆ ಆ ಹಲ್ಲುಹಲ್ಲಾದ ಗೆರೆ ನಯವಾಯಿತು.

ನಂತರ ಸುಮಾರು 98 ನಿಮಿಷಗಳಿಗೊಮ್ಮೆ ಅಚ್ಚುಕಟ್ಟಾಗಿ ಮರುಕಳಿಸುವ ಮಂಕು ಅವಧಿಗಳು ಕಂಡವು. ನನ್ನ ಸಂತೋಷ ಒಂದು ಸಂಜೆಯಷ್ಟೇ ಉಳಿಯಿತು: ಅದು ಉಪಗ್ರಹದ ಕಕ್ಷಾವಧಿ, ಮಧ್ಯೆ ಅಡ್ಡ ಬಂದದ್ದು ನಮ್ಮ ಭೂಮಿಯೇ. ಮೂಲವು ಕಣ್ಣಿಗೆ ಬೀಳುವ ಅವಧಿಗಳ ಪಟ್ಟಿಯನ್ನು ಅನ್ವಯಿಸಲು ಮರೆತಿದ್ದೆ. ಮಹಾದೈತ್ಯನ ಹಿಂದೆ ನ್ಯೂಟ್ರಾನ್ ನಕ್ಷತ್ರ ಮರೆಯಾಗುವ ಗ್ರಹಣಕಾಲವನ್ನೂ ಆಗಲೇ ತೆಗೆದುಹಾಕಿದೆ.

ಉಳಿದ ಕುಸಿತಗಳನ್ನು 3–6 ಮತ್ತು 15–30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳ ಎರಡು ಶಕ್ತಿಪಟ್ಟಿಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಕೆಳಗಿನ ಪಟ್ಟಿ ಮಾತ್ರ ಮಂಕಾಗಿದ್ದರೆ ಕಡಿಮೆ ಶಕ್ತಿಯ ಕಿರಣಗಳನ್ನು ಹೀರಿಕೊಳ್ಳುವ ಮಾರುತದ ದಟ್ಟ ಮುದ್ದೆಯೊಂದು ನಮ್ಮ ದೃಷ್ಟಿಗೆ ಅಡ್ಡ ಬಂದಿದೆ ಎಂದು ತಿಳಿಯಬಹುದು. ಎರಡೂ ಒಟ್ಟಿಗೆ ಇಳಿದಿದ್ದರೆ ನಕ್ಷತ್ರದ ಮೇಲೆ ಬೀಳುವ ದ್ರವ್ಯವೇ ಕಡಿಮೆಯಾಗಿರುವ ಸಂಭವ ಹೆಚ್ಚು. ಆದರೆ ನಿಜವಾದ ತೊಡಕು ಇಲ್ಲಿಂದ ಶುರುವಾಯಿತು. ಲ್ಯಾಕ್ಸ್‌ಪಿಸಿಯ ವಿಸ್ತಾರ ದೊಡ್ಡದು, ಖಾಲಿ ಆಕಾಶವನ್ನು ನೋಡುವಾಗಲೂ ಅದರ ಹಿನ್ನೆಲೆ ಎಣಿಕೆ ಗಣನೀಯವಾಗಿರುತ್ತದೆ ಮತ್ತು ಉಪಗ್ರಹ ಭೂಮಿಯ ಯಾವ ಭಾಗದ ಮೇಲಿದೆ ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ; ಹಾಗಾಗಿ ಮೂಲ ತೀರ ಮಂಕಾದಾಗ ಹಿನ್ನೆಲೆಯನ್ನು ಕಳೆದು ಉಳಿದ ಸಂಖ್ಯೆ ನಕ್ಷತ್ರದ್ದೋ ನನ್ನ ಹಿನ್ನೆಲೆ ಮಾದರಿಯ ತಪ್ಪೋ ಎಂದು ಹೇಳುವಂತಿರಲಿಲ್ಲ.

ಆಗ ನೆರವಾದದ್ದು ಸ್ಪಂದನ, ಏಕೆಂದರೆ ಹಿನ್ನೆಲೆ 283 ಸೆಕೆಂಡುಗಳ ತಾಳಕ್ಕೆ ಏರಿಳಿಯುವುದಿಲ್ಲ. ಜಪಾನಿನ ಸುಜಾಕು ಉಪಗ್ರಹದ 2008ರ ವೀಕ್ಷಣೆಯಲ್ಲಿ ಬೆಳಕು ಇಪ್ಪತ್ತನೇ ಒಂದು ಭಾಗಕ್ಕೆ ಇಳಿದರೂ ಸ್ಪಂದನ ನಿಂತಿರಲಿಲ್ಲ ಎಂಬುದು ನನಗೆ ಧೈರ್ಯ ಕೊಟ್ಟಿತ್ತು. ಕಿರಣಗಳು ಬಂದ ಹೊತ್ತಿನ ಕಾಲಮುದ್ರೆಗಳನ್ನು ಸೌರಮಂಡಲದ ದ್ರವ್ಯಕೇಂದ್ರಕ್ಕೆ ಹೊಂದಿಸಿ, ಜೋಡಿಯ ಕಕ್ಷೆಯಿಂದಾಗುವ, 113 ಸೆಕೆಂಡಿನಷ್ಟು ಹಿಂದುಮುಂದಾಗುವ ವ್ಯತ್ಯಾಸವನ್ನೂ ಕಳೆದೆ. ಆದರೂ ಅರ್ಧ ಗಂಟೆಯ ಮಂಕಿನಲ್ಲಿ ಹಿಡಿಸುವುದು ಆರೇ ಸುತ್ತುಗಳು. ಆದ್ದರಿಂದ ಪ್ರಕಾಶಮಾನ ಅವಧಿಗಳಿಂದ ಸ್ಪಂದನಕಾಲವನ್ನು ನಿಖರವಾಗಿ ಅಳೆದು, ಸುತ್ತಿನ ಯಾವ ಹಂತ ಎಂಬ ಅದೇ ಗಣನೆಯಲ್ಲಿ ಬೇರೆ ಬೇರೆ ಮಂಕು ಅವಧಿಗಳನ್ನು ಒಂದರ ಮೇಲೊಂದು ಕೂಡಿಸಿದೆ. ಮೇಲಿನ ಪಟ್ಟಿಯಲ್ಲಿ ಕ್ಷೀಣವಾದ ಅಲೆಯೊಂದು ಎದ್ದು ಬಂದಿತು. ಕೂಡಿಸಿದಾಗ ಅಲೆಯನ್ನು ಬಲಪಡಿಸದೆ ಬರೇ ಗದ್ದಲವನ್ನು ಸೇರಿಸಿದ ಎರಡು ಅವಧಿಗಳನ್ನು ಪಟ್ಟಿಯಿಂದ ಕೈಬಿಟ್ಟೆ.