ಮಂಡಿ ಫೋನಿನ ನಂಬರ್ ಪಟ್ಟಿ ಶುಚಿ ಮಾಡುವುದು ಹೇಗೆ?

ಕೋಲಾರದ ಟೊಮೆಟೊ ಮಂಡಿಯವರ ಫೋನಿನಲ್ಲಿ ಮೂರ್ನಾಲ್ಕು ‘ಮಂಜಣ್ಣ’ ಇದ್ದೇ ಇರುತ್ತಾರೆ. ಅಳಿಸುವ ಮೊದಲು ಬ್ಯಾಕಪ್ ಆಗಲಿ: ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನ ‘ಆರ್ಗನೈಸ್’ನಲ್ಲಿ ಎಕ್ಸ್‌ಪೋರ್ಟ್ ಒತ್ತಿ, ಬಂದ ವಿಸಿಎಫ್ ಫೈಲನ್ನು (ನಂಬರ್‌ಗಳೆಲ್ಲ ಇರುವ ಫೈಲ್) ನಿಮಗೇ ಮೇಲ್ ಮಾಡಿಕೊಳ್ಳಿ. ಸಿಮ್‌ನ ನಂಬರ್‌ಗಳನ್ನೂ ಅಲ್ಲಿಂದಲೇ ಇಂಪೋರ್ಟ್ ಮಾಡಿ.

ಆಮೇಲೆ ಅದೇ ‘ಆರ್ಗನೈಸ್’ನಲ್ಲಿ, ಒಂದೇ ರೀತಿಯ ನಮೂದುಗಳನ್ನು ಒಂದಾಗಿಸುವ ‘ಮರ್ಜ್ ಆ್ಯಂಡ್ ಫಿಕ್ಸ್’ ಒತ್ತಿ. ‘ಮರ್ಜ್ ಆಲ್’ ಮಾತ್ರ ಬೇಡ. ಹೆಸರು ಒಂದೇ ಅಂತ ಲಾರಿ ಮಂಜಣ್ಣನೂ ಬೀಜದಂಗಡಿ ಮಂಜಣ್ಣನೂ ಒಂದಾಗಿಬಿಟ್ಟರೆ ಬಾಡಿಗೆ ಕೇಳಲು ಫೋನ್ ಮಾಡಿದಾಗ ಇನ್ಯಾರೋ ಎತ್ತುತ್ತಾರೆ. ಒಂದೊಂದೇ ನೋಡಿ, ಕಸುಬು, ಊರು ಸೇರಿಸಿ: ‘ಮಂಜಣ್ಣ ಲಾರಿ ಮಾಲೂರು’.

ಕೋಲಾರದ ಹಳೇ ಆರಂಕಿ ಲ್ಯಾಂಡ್‌ಲೈನ್ ನಂಬರ್‌ಗೆ ಮುಂದೆ ಎಸ್‌ಟಿಡಿ ಕೋಡ್ 08152 ಹಾಕದಿದ್ದರೆ ಮೊಬೈಲಿನಿಂದ ಕರೆ ಹೋಗದು. ಗೂಗಲ್ ಖಾತೆಯಿಂದ ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಸಿಗುತ್ತದೆ. ಸಿಮ್‌ನಿಂದ ಅಳಿಸಿದರೆ ಆ ಅನುಕೂಲವಿಲ್ಲ.