ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನ ಕಡೆ ಹೊರಟಿದ್ದೀರಾ? ಹೆಬ್ಬಾವಿನ ವಿಷಯ ಕೇಳಿಕೊಂಡು ಹೋಗಿ

ಮಯಾಮಿ, ವೆಸ್ಟನ್ ಕಡೆ ಹೊಸದಾಗಿ ಮನೆ ಮಾಡಿದವರೆಲ್ಲ ಮೊದಲು ಕೇಳುವುದು ಅಲಿಗೇಟರ್ ಬಗ್ಗೆ. ಅದಕ್ಕೆ ನನ್ನ ಉತ್ತರ ಚಿಕ್ಕದು: ನೀರಿನ ದಂಡೆಯಿಂದ ದೂರ ಇರಿ, ಮಕ್ಕಳ ಕೈ ಬಿಡಬೇಡಿ. ಹೇಳುವುದು ಜಾಸ್ತಿ ಇರುವುದು ಹೆಬ್ಬಾವಿನ ಬಗ್ಗೆ.

ಊರಿಂದ ಅಮ್ಮ ಬಂದಿದ್ದಾಗ ಒಂದು ರಾತ್ರಿ ಟಾಮಿಯಾಮಿ ಟ್ರೇಲ್ ರಸ್ತೆಯಲ್ಲಿ ವಾಪಸ್ ಬರುತ್ತಿದ್ದೆವು. ಮುಂದೆ ಟೈರಿನ ತುಂಡು ಅಡ್ಡ ಬಿದ್ದ ಹಾಗಿತ್ತು. ಹತ್ತಿರ ಹೋದರೆ ಹೆಡ್‌ಲೈಟಿಗೆ ಮೈ ಮಿನುಗಿತು. ಜಿರಾಫೆ ಮೈಯಂಥ ಕಂದು ಮಚ್ಚೆಗಳು. ತಲೆ ಈ ಬದಿಯ ಹುಲ್ಲು ಸೇರಿತ್ತು, ಬಾಲ ಇನ್ನೂ ನಡುರಸ್ತೆಯಲ್ಲಿ. ಹಗಲೆಲ್ಲ ಕಾದ ಡಾಂಬರು ರಾತ್ರಿಯೂ ಬೆಚ್ಚಗಿರುತ್ತದೆ, ಅದಕ್ಕೇ ಬಂದು ಮಲಗುತ್ತವೆ. ಅಮ್ಮ ಕೈ ಮುಗಿದು, "ಪಾಪ, ದಾಟಲಿ ಬಿಡೋ" ಅಂದರು. ಸಾಗರದ ನಮ್ಮ ತೋಟಕ್ಕೆ ಬಂದರೆ ಹಾಗೇ ಅಲ್ವಾ? ಹಾವು ಹಿಡಿಯುವವರನ್ನು ಕರೆಸಿ, ಗೋಣಿಚೀಲಕ್ಕೆ ತುಂಬಿ, ಕಾಡಿಗೆ ಬಿಡುತ್ತೇವೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಹಿಡಿದದ್ದನ್ನು ಮತ್ತೆ ಕಾಡಿಗೆ ಬಿಡುವುದಿಲ್ಲ ಅಂದಾಗ ಅಮ್ಮನಿಗೆ ಕೋಪವೇ ಬಂತು.

ಇದು ಬರ್ಮಾ ಹೆಬ್ಬಾವು, ಈ ನೆಲದ್ದಲ್ಲ. ಶೋಕಿಗೆ ಸಾಕಿದವರು, ದೊಡ್ಡದಾದ ಮೇಲೆ ಸಾಕಲಾಗದೆ ಜೌಗಿಗೆ ಬಿಟ್ಟರು. 1992ರ ಆಂಡ್ರೂ ಚಂಡಮಾರುತದಲ್ಲಿ ಹಾವು ಸಾಕುವ ಜಾಗವೊಂದು ಮುರಿದುಬಿದ್ದು ಇನ್ನಷ್ಟು ಹೊರಬಂದವು ಅನ್ನುತ್ತಾರೆ. ಹೆಣ್ಣು ಒಂದು ಸಲಕ್ಕೆ 50ರಿಂದ 100 ಮೊಟ್ಟೆ ಇಡುತ್ತದೆ. 2023ರಲ್ಲಿ ಪಕ್ಕದ ಬಿಗ್ ಸೈಪ್ರೆಸ್ ಜೌಗುಕಾಡಿನಲ್ಲಿ ಸಿಕ್ಕಿದ್ದು 19 ಅಡಿ ಉದ್ದವಿತ್ತು. 2012ರ ಅಧ್ಯಯನದ ಪ್ರಕಾರ, ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ಭಾಗದಲ್ಲಿ ಕಣ್ಣಿಗೆ ಬೀಳುವ ರಕೂನ್ ಅನ್ನುವ ಸಣ್ಣ ಕಾಡುಪ್ರಾಣಿಗಳು ಶೇ. 99ರಷ್ಟು ಕಡಿಮೆಯಾಗಿದ್ದವು. ಮೊಲವಂತೂ ಒಂದೂ ಕಂಡಿರಲಿಲ್ಲ. ಈಗ ಸೊಳ್ಳೆಗಳು ಉಳಿದಿರುವ ಇಲಿಗಳ ರಕ್ತವನ್ನೇ ಜಾಸ್ತಿ ಹೀರುತ್ತವೆ. ಆ ಇಲಿಗಳಲ್ಲಿರುವ ಎವರ್‌ಗ್ಲೇಡ್ಸ್ ವೈರಸ್ ಸೊಳ್ಳೆಯಿಂದ ಮನುಷ್ಯರಿಗೂ ಬರಬಹುದು. ಹಾವಿಗೆ ಹೆದರದಿದ್ದರೂ ಸೊಳ್ಳೆ ಕ್ರೀಮು ಹಚ್ಚಿಕೊಳ್ಳಿ.

ಇನ್ನೊಂದು ತಮಾಷೆ ಗೊತ್ತಾ? 2018ರಲ್ಲಿ ಇಲ್ಲಿನ ಹಾವುಗಳ ಡಿಎನ್‌ಎ ನೋಡಿದಾಗ, ಕೆಲವುಗಳಲ್ಲಿ ನಮ್ಮ ಭಾರತದ ಹೆಬ್ಬಾವಿನ ರಕ್ತವೂ ಬೆರೆತಿತ್ತು.

ಕಂಡರೆ ಏನು ಮಾಡಬೇಕು? ಕಾರಿನಿಂದ ಇಳಿದು ಬಾಲ ಎಳೆಯುವ ಸಾಹಸ ಬೇಡ. ವಿಷವಿಲ್ಲ ನಿಜ, ಆದರೆ ಹಲ್ಲುಗಳು ಹಿಂದಕ್ಕೆ ಬಾಗಿರುತ್ತವೆ, ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ. ಮೇಲಾಗಿ ನೀವು ಹೆಬ್ಬಾವು ಅಂದುಕೊಂಡದ್ದು ವಾಟರ್ ಮೊಕಾಸಿನ್ ಆಗಿದ್ದರೆ? ಅದು ಇಲ್ಲಿಯದೇ ಹಾವು, ಭಾರೀ ವಿಷದ್ದು. ದೂರದಿಂದ ಫೋಟೋ ತೆಗೆದು, ಜಾಗ ಗುರುತಿಟ್ಟುಕೊಂಡು 1-888-483-4681ಕ್ಕೆ ಫೋನ್ ಮಾಡಿ. 'ಐವ್ ಗಾಟ್ ಒನ್' ಅನ್ನುವ ಆ್ಯಪ್ ಕೂಡ ಇದೆ. ಅವತ್ತು ನಾನು ಫೋನ್ ತೆಗೆಯುವಷ್ಟರಲ್ಲಿ ಬಾಲವೂ ಮಾಯ. ಅಷ್ಟು ದೊಡ್ಡ ಹಾವು ಎರಡು ಅಡಿ ಹುಲ್ಲಿನಲ್ಲಿ ಹೇಗೆ ಅಡಗುತ್ತದೋ!

ಅದನ್ನು ಹುಡುಕುವುದೇ ಕಷ್ಟ. 2013ರಲ್ಲಿ ಸರ್ಕಾರ ಹೆಬ್ಬಾವು ಹಿಡಿಯುವ ಸ್ಪರ್ಧೆ ಇಟ್ಟಾಗ ಸುಮಾರು 1,600 ಜನ ಒಂದು ತಿಂಗಳು ಅಲೆದು ಹಿಡಿದದ್ದು ಬರೀ 68. 2017ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಹಾವು ಹಿಡಿಯುವುದರಲ್ಲಿ ಪಳಗಿದ, ತಮಿಳುನಾಡಿನ ಇರುಳ ಬುಡಕಟ್ಟಿನ ಇಬ್ಬರನ್ನು ಕರೆಸಿದರು. ಅವರು ಹಾವು ಹರಿದ ಗುರುತು ನೋಡಿಕೊಂಡು, ಎರಡು ವಾರದೊಳಗೆ 13 ಹಿಡಿದರು. ಇದನ್ನು ಕೇಳಿದ ಮೇಲೆ ಅಮ್ಮನ ಕೋಪ ಸ್ವಲ್ಪ ಇಳಿಯಿತು.

ಕೊನೆಗೆ, ನಮ್ಮವರಿಗೆ ಅಂತಲೇ ಒಂದು ಮಾತು. ಮನೆ ಬದಲಿಸುವಾಗ, ಪುಣ್ಯ ಬರುತ್ತದೆ ಅಂತ ಅಕ್ವೇರಿಯಂ ಮೀನು, ಆಮೆಗಳನ್ನು ಮನೆ ಹಿಂದಿನ ಕಾಲುವೆಗೆ ಬಿಡಬೇಡಿ. ಹೆಬ್ಬಾವಿನ ಕಥೆಯೂ ಶುರುವಾಗಿದ್ದು ಹೀಗೇ. ಸಾಕಲಾಗದ ಇಂಥ ಪ್ರಾಣಿಗಳನ್ನು ರಾಜ್ಯದ ವನ್ಯಜೀವಿ ಇಲಾಖೆಗೆ ಒಪ್ಪಿಸಬಹುದು. ದುಡ್ಡೂ ಕೇಳುವುದಿಲ್ಲ, ದಂಡವೂ ಇಲ್ಲ.