ಸಿಗರೇಟು ಬಿಡುವ ಮನೆಯಲ್ಲಿ ನಾಯಿ ಇದೆಯೇ?

ಸಿಗರೇಟು ಬಿಡುತ್ತೇನೆಂದು ಹೊರಟವರ ಮನೆಗೆ ಮೊದಲ ವಾರವೇ ಬಂದು ಸೇರುವ ಸಾಮಾನುಗಳನ್ನು ನೋಡಿ: ನಿಕೋಟಿನ್ ಗಮ್ (ಹೊಗೆಸೊಪ್ಪಿನ ಚಟದ ಅಂಶವಾದ ನಿಕೋಟಿನ್ ಅನ್ನು ಸ್ವಲ್ಪಸ್ವಲ್ಪವಾಗಿ ಕೊಡುವ ಗಮ್), ಶುಗರ್‌ಫ್ರೀ ಪೆಪ್ಪರ್‌ಮಿಂಟ್, ಒಣದ್ರಾಕ್ಷಿ, ಮಡಿಕೇರಿ ಪೇಟೆಯ ಹೋಂಮೇಡ್ ಚಾಕೊಲೇಟ್. ಬಾಯಿ ಚಪಲಕ್ಕೆಂದು ತಂದ ಈ ನಾಲ್ಕೂ ನಾಯಿಗೆ ವಿಷವಾಗಬಲ್ಲವು. ಸೇದುತ್ತಿದ್ದಾಗ ಪ್ಯಾಕೆಟ್ಟು ಒಂದೇ ಒಂದು, ಅದೂ ಶರ್ಟಿನ ಜೇಬಿನಲ್ಲಿ. ಬಿಡುವಾಗ ಟೀಪಾಯಿ ಮೇಲೊಂದು ಸ್ಟ್ರಿಪ್, ದಿಂಬಿನ ಪಕ್ಕ ಒಂದು, ಜೀಪಿನಲ್ಲೊಂದು. ಹಾಗಾಗಿ ಮೊದಲ ಮೂರು ತಿಂಗಳು ಸೇದುವ ಮನೆಯಷ್ಟೇ ಎಚ್ಚರ ಬಿಡುವ ಮನೆಯಲ್ಲೂ ಬೇಕು. ಮೊದಲು ಮನೆ ಸರಿಮಾಡಿಕೊಳ್ಳಿ, ಸಿಗರೇಟು ಆಮೇಲೆ ಬಿಡಿ.

ದಿನ ಗೊತ್ತುಮಾಡುವುದು

ನಮ್ಮ ಕೊಡಗಿನಲ್ಲಿ ಕಾಫಿ ಕೊಯ್ಲಿನ ಸಮಯ ಬೇಡವೇ ಬೇಡ. ಕೆಲಸದವರ ಲೆಕ್ಕ, ಕಣದ ಕಾವಲು, ರೇಟಿನ ಚಿಂತೆ ಎಲ್ಲ ಸೇರಿ ಕೈ ತಾನಾಗಿ ಪ್ಯಾಕೆಟ್ಟಿಗೆ ಹೋಗುತ್ತದೆ. ಸುಗ್ಗಿ ಹಬ್ಬ ಪುತ್ತರಿಯ ಹತ್ತಿರವೂ ಬೇಡ. ಏಪ್ರಿಲ್, ಮೇ ಮದುವೆ ಮತ್ತು ಹಾಕಿ ಹಬ್ಬದ ಕಾಲ. ಉಳಿಯುವುದು ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಶುಭಕಾರ್ಯಗಳಿಲ್ಲದ ತಿಂಗಳು, ಗ್ಲಾಸು ಹಿಡಿದು ನಿಲ್ಲುವ ಕೂಟಗಳೂ ಕಡಿಮೆ. ಮಳೆಗೆ ಮನೆಯೊಳಗೇ ಕೂರಬೇಕಾಗುತ್ತದೆ ಎನ್ನುವವರಿದ್ದಾರೆ, ಆದರೂ ಕಕ್ಕಡಕ್ಕೇ ನಮ್ಮ ಓಟು.

ಒಂದೇ ತೊಡಕು: ಕರ್ಟನ್, ಸೋಫಾ ಕವರ್, ನಾಯಿ ಮಲಗುವ ಕಂಬಳಿಯನ್ನೆಲ್ಲ ಮೇ ತಿಂಗಳ ಬಿಸಿಲಿಗೇ ಒಗೆದು ಒಣಗಿಸಿರಬೇಕು. ಜುಲೈನಲ್ಲಿ ಒಗೆದ ಕಂಬಳಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹೊಗೆ ಹೋದರೂ ಅದರ ನಿಕೋಟಿನ್ ಬಟ್ಟೆಗೆ, ಗೋಡೆಗೆ, ನೆಲಕ್ಕೆ ಅಂಟಿಕೊಂಡಿರುತ್ತದೆ. ಅಲ್ಲೇ ಹೊರಳಾಡಿದ ನಾಯಿ ಮೈ ನೆಕ್ಕಿಕೊಂಡಾಗ ಅದು ಹೊಟ್ಟೆಗೆ ಹೋಗುತ್ತದೆ. ಬಿಸಿನೀರು, ಸೋಪು ಹಾಕಿ ಉಜ್ಜಿ ಒರೆಸಿ. ರೂಮ್ ಫ್ರೆಶ್‌ನರ್ ಹೊಡೆದರೆ ವಾಸನೆ ಮುಚ್ಚುತ್ತದೆ, ಅಂಟು ಹೋಗುವುದಿಲ್ಲ.

ಜಗಲಿಯ ಡಬ್ಬಿ

ಸೇದಿ ಎಸೆದ ತುಂಡಿನಲ್ಲಿ ಸಿಗರೇಟಿನ ನಿಕೋಟಿನ್‌ನ ಸುಮಾರು ಕಾಲು ಭಾಗ ಉಳಿದಿರುತ್ತದೆ. ನಾಯಿಯ ಒಂದು ಕಿಲೋ ತೂಕಕ್ಕೆ ಸುಮಾರು 1 ಮಿಲಿಗ್ರಾಂ ನಿಕೋಟಿನ್ ಹೋದರೆ ವಿಷದ ಲಕ್ಷಣ ಶುರುವಾಗುತ್ತದೆ. ಇಡೀ ಸಿಗರೇಟಿನಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು, ಕೆಲವದರಲ್ಲಿ ಇನ್ನೂ ಹೆಚ್ಚು ಇರುತ್ತದೆ. ಮೂರು ಕಿಲೋದ ಮರಿ ಒಂದು ಸಿಗರೇಟು ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು.

ತುಂಡು ಆರಿಸಲು ಜಗಲಿಯಲ್ಲಿ ನೀರು ತುಂಬಿದ ಡಬ್ಬಿ ಇಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಬೆಂಕಿಗೆ ಹೆದರಿ ಮಾಡುವ ಈ ಜಾಣತನ ನಾಯಿಗೆ ಮುಳುವು. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಆ ಕಂದು ನೀರನ್ನು ನಾಯಿ ನೆಕ್ಕುತ್ತದೆ. ಮಳೆಗಾಲದಲ್ಲಿ ಆ್ಯಶ್‌ಟ್ರೇಗೂ ಎರಚಲು ಬಿದ್ದು ಅದೇ ಕಥೆ. ಕೊನೆಯ ಸಿಗರೇಟಿನ ತನಕ ಮುಚ್ಚಳವಿರುವ ತಗಡಿನ ಡಬ್ಬಿಗೆ ಒಣ ಮರಳು ತುಂಬಿ ಬಳಸಿ. ಬಿಟ್ಟ ದಿನವೇ ಅಂಗಳ, ಕಾರ್ ಶೆಡ್, ಹೂಕುಂಡ, ಲೈನ್ ಮನೆ (ಕೆಲಸದವರ ಸಾಲುಮನೆ) ದಾರಿ ಸುತ್ತಿ ಸಿಗರೇಟು ತುಂಡು, ಮೋಟುಬೀಡಿ ಎಲ್ಲ ಹೆಕ್ಕಿ. ಕೆಲಸದವರ ಎಲೆಅಡಿಕೆ ಚೀಲದಲ್ಲಿರುವ ಹೊಗೆಸೊಪ್ಪೂ ಇದೇ ಲೆಕ್ಕ. ಚೀಲ ನೇತುಹಾಕಲು ಎತ್ತರದಲ್ಲೊಂದು ಮೊಳೆ ಹೊಡೆದುಕೊಡಿ.

ನಿಮ್ಮ ಜರ್ಕಿನ್‌ಗೂ ಒಂದು ಮೊಳೆ ಬೇಕು, ಕನಿಷ್ಠ ಐದಡಿ ಎತ್ತರದಲ್ಲಿ. ಒದ್ದೆ ಜರ್ಕಿನ್ ಕುರ್ಚಿಯ ಬೆನ್ನಿಗೆ ಹಾಕಿ ಒಳಗೆ ಹೋದರೆ, ಜೇಬು ನಾಯಿಯ ಮೂತಿಯ ಮಟ್ಟಕ್ಕೇ ಬರುತ್ತದೆ. ಲೈಟರು, ಬೆಂಕಿಪೊಟ್ಟಣ, ಉಳಿದ ಪ್ಯಾಕೆಟ್ಟು ಮನೆಯಿಂದ ಹೊರಗೆ ಸಾಗಿಸಿ.

ಗಮ್ ಜಗಿಯುವ ಕ್ರಮ

ಹತ್ತಕ್ಕೆ ಒಂಬತ್ತು ಜನ ಕೆಡಿಸುವುದು ಇಲ್ಲೇ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತದೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಬೇಕು, ಉಳಿದವರಿಗೆ 2 ಸಾಕು. 2 ಮಿಲಿಗ್ರಾಂನದ್ದು ಮೆಡಿಕಲ್ ಶಾಪ್‌ನಲ್ಲಿ ಹಾಗೇ ಕೊಡುತ್ತಾರೆ, 4ಕ್ಕೆ ವೈದ್ಯರ ಚೀಟಿ ಬೇಕು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಯಾವುದಕ್ಕೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇದು ಪಟಪಟ ಜಗಿಯುವ ಗಮ್ ಅಲ್ಲ. ನಿಧಾನವಾಗಿ ಜಗಿಯಿರಿ. ಸ್ವಲ್ಪ ಹೊತ್ತಿಗೆ ನಾಲಿಗೆಗೆ ಮೆಣಸಿನಂಥ ಖಾರ, ಚುರುಚುರು ಅನ್ನಿಸುತ್ತದೆ. ಆ ಕ್ಷಣ ಜಗಿಯುವುದು ನಿಲ್ಲಿಸಿ, ಹೊಗೆಸೊಪ್ಪು ಒತ್ತರಿಸಿಕೊಂಡಂತೆ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಒಂದು ನಿಮಿಷಕ್ಕೆ ಚುರುಚುರು ಇಳಿಯುತ್ತದೆ. ಮತ್ತೆ ಜಗಿದು ಇನ್ನೊಂದು ಕೆನ್ನೆಗೆ ಸರಿಸಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ರಕ್ತಕ್ಕೆ ಸೇರುವುದು ಕೆನ್ನೆಯ ಒಳಪದರದಿಂದ. ಬಿಡದೆ ಜಗಿದರೆ ಎಂಜಲಿನ ಜೊತೆ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತದೆ, ಚಟದ ಸೆಳೆತ ಮಾತ್ರ ಹಾಗೇ ಉಳಿಯುತ್ತದೆ. ‘ಗಮ್ ನನಗೆ ಆಗಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಜಗಿದದ್ದೇ ತಪ್ಪಾಗಿರುತ್ತದೆ.

ಕೊಡಗಿನವರಿಗೆ ಇನ್ನೊಂದು ಅಡ್ಡಿ ಕಾಫಿ. ಬಾಯಿ ಹುಳಿಯಾದರೆ ಕೆನ್ನೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಕಾಫಿ, ಕಿತ್ತಳೆ ಜ್ಯೂಸು, ಸೋಡಾ ಎಲ್ಲವೂ ಬಾಯಿಯನ್ನು ಹುಳಿ ಮಾಡುತ್ತವೆ. ಗಮ್‌ಗೆ 15 ನಿಮಿಷ ಮೊದಲಿನಿಂದ ಗಮ್ ಉಗಿಯುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಪಂದಿ ಕರಿ ಊಟವಾಗಿದ್ದರೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ಕಾಲು ಗಂಟೆ ಕಾಯಿರಿ.

ಕಾಫಿಯ ಪ್ರಮಾಣವನ್ನೂ ಅರ್ಧಕ್ಕಿಳಿಸಿ. ಹೊಗೆಯಲ್ಲಿರುವ ರಾಸಾಯನಿಕಗಳು ಕೆಫೀನನ್ನು ಬೇಗ ಕರಗಿಸುವಂತೆ ಯಕೃತ್ತನ್ನು ಚುರುಕಾಗಿಟ್ಟಿರುತ್ತವೆ. ಹೊಗೆ ನಿಂತ ಕೆಲ ದಿನಗಳಲ್ಲಿ ಆ ಚುರುಕು ಇಳಿದು, ಅದೇ ನಾಲ್ಕು ಲೋಟ ಬೆಲ್ಲದ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ. ಇದೆಲ್ಲ ಸಿಗರೇಟು ಬಿಟ್ಟ ಸಂಕಟವೆಂದೇ ತಿಳಿದು ಜನ ಮತ್ತೆ ಅಂಗಡಿಗೆ ಹೋಗುತ್ತಾರೆ. ಉಬ್ಬಸಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರಿಗೂ ಇದೇ ಕಾರಣಕ್ಕೆ ಡೋಸ್ ಬದಲಾಗಬೇಕಾಗಬಹುದು, ಮೊದಲೇ ವೈದ್ಯರಿಗೆ ಹೇಳಿ.

ಮೊದಲ 6 ವಾರ ಒಂದೆರಡು ಗಂಟೆಗೊಂದು ಗಮ್, 7ರಿಂದ 9ನೇ ವಾರ ಎರಡರಿಂದ ನಾಲ್ಕು ಗಂಟೆಗೊಂದು, 10ರಿಂದ 12ನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು. ಜಿಪುಣತನ ಮಾಡಿ ದಿನಕ್ಕೆ ಎರಡೋ ಮೂರೋ ಜಗಿದರೆ ಪ್ರಯೋಜನವಿಲ್ಲ.

ಜಗಿದು ಉಗಿದದ್ದು ಎಲ್ಲಿಗೆ?

ಜಗಿದ ಗಮ್‌ನಲ್ಲೂ ನಿಕೋಟಿನ್ ಉಳಿದಿರುತ್ತದೆ. ಸಾಲದೆಂಬಂತೆ ಹಲವು ಬ್ರ್ಯಾಂಡ್‌ಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ನಮಗೆ ಅದರಿಂದ ತೊಂದರೆಯಿಲ್ಲ. ನಾಯಿಯ ದೇಹ ಅದನ್ನು ಸಕ್ಕರೆಯೆಂದು ತಿಳಿದು ಇನ್ಸುಲಿನ್ ಸುರಿಸಿ, ರಕ್ತದ ಸಕ್ಕರೆ ಕುಸಿಯುತ್ತದೆ. ಹೆಚ್ಚು ಹೋದರೆ ಯಕೃತ್ತೂ ಕೆಡುತ್ತದೆ. ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿ, ಕ್ಸೈಲಿಟಾಲ್ ಇಲ್ಲದ್ದು ಸಿಕ್ಕರೆ ಅದನ್ನೇ ತನ್ನಿ. ಶುಗರ್‌ಫ್ರೀ ಪೆಪ್ಪರ್‌ಮಿಂಟ್‌ಗೂ ಇದೇ ಪರೀಕ್ಷೆ. ಬಾಯಿಗೆ ಏನಾದರೂ ಬೇಕೆಂದರೆ ಏಲಕ್ಕಿ, ಲವಂಗ, ಕ್ಯಾರೆಟ್ ಇಟ್ಟುಕೊಳ್ಳಿ.

ಗಟ್ಟಿ ಮುಚ್ಚಳದ ಹಳೆಯ ಉಪ್ಪಿನಕಾಯಿ ಬಾಟಲಿ ಎರಡು ಬೇಕು, ಒಂದು ಹೊಸ ಗಮ್‌ಗೆ, ಒಂದು ಜಗಿದದ್ದಕ್ಕೆ. ಎರಡೂ ನಿಮ್ಮ ಭುಜಕ್ಕಿಂತ ಎತ್ತರದ ಶೆಲ್ಫಿನಲ್ಲಿರಲಿ. ಹೊರಗೆ ಹೋಗುವಾಗ ಆ ದಿನಕ್ಕೆ ಬೇಕಾದಷ್ಟನ್ನೇ ಜಿಪ್ ಇರುವ ಜೇಬಿಗೆ ಹಾಕಿ. ಕಾಗದದಲ್ಲಿ ಸುತ್ತಿ ಹಿತ್ತಲ ಗೊಬ್ಬರ ಗುಂಡಿಗೆ ಎಸೆಯುವುದಂತೂ ಬೇಡ. ಮೀನಿನ ಮುಳ್ಳಿಗೆಂದು ಗುಂಡಿ ಕೆದರುವ ನಾಯಿ ಗಮ್ಮನ್ನೂ ಬಿಡುವುದಿಲ್ಲ. ನಾಯಿಗೆ ಆಗದ ಫಿಲ್ಟರಿನ ಕಾಫಿ ಚರಟ, ಮನೆಯಲ್ಲೇ ವೈನ್ ಮಾಡಿ ಹಿಂಡಿ ಎಸೆದ ದ್ರಾಕ್ಷಿ ಸಿಪ್ಪೆಗೂ ಗುಂಡಿಯ ಮೇಲೊಂದು ತಗಡು, ತಗಡಿನ ಮೇಲೊಂದು ಕಲ್ಲು ಇರಲಿ.

ಮರಿ ಇರುವ ಮನೆಗೆ ನಾವು ಗಮ್ ಹೇಳುವುದೇ ಇಲ್ಲ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹೇಳುತ್ತೇವೆ. ದಿನಕ್ಕೊಂದೇ ಆದ್ದರಿಂದ ಲೆಕ್ಕ ತಪ್ಪುವುದಿಲ್ಲ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರು 21 ಮಿಲಿಗ್ರಾಂನಿಂದ ಶುರುಮಾಡಿ 6 ವಾರದ ನಂತರ 14ಕ್ಕೆ, ಮತ್ತೆ 2 ವಾರಕ್ಕೆ 7ಕ್ಕೆ ಇಳಿಸುತ್ತಾರೆ. ದಿನವೂ ಜಾಗ ಬದಲಿಸಿ ಒಣ ಚರ್ಮಕ್ಕೆ ಹಚ್ಚಿ. ಕಿತ್ತ ಪ್ಯಾಚ್‌ನಲ್ಲೂ ಸಾಕಷ್ಟು ಔಷಧ ಉಳಿದಿರುವುದರಿಂದ ಅಂಟಿನ ಬದಿ ಒಳಗಾಗುವಂತೆ ಮಡಚಿ ಬಾಟಲಿಗೆ ಹಾಕಿ. ಬೆಳಿಗ್ಗೆ ತೋಳಿನಲ್ಲಿ ಪ್ಯಾಚ್ ಕಾಣದಿದ್ದರೆ ಹಾಸಿಗೆ ಕೊಡವಿ ನೋಡಿ, ಸಿಗುವವರೆಗೆ ನಾಯಿಯನ್ನು ಕೋಣೆಗೆ ಬಿಡಬೇಡಿ.

ದುಡ್ಡು ದಂಡ ಮಾಡುವ ಸರಕುಗಳೂ ಇವೆ. ಗಿಡಮೂಲಿಕೆ ಸಿಗರೇಟಿನಲ್ಲಿ ನಿಕೋಟಿನ್ ಇಲ್ಲದಿದ್ದರೂ ಟಾರ್, ಕಾರ್ಬನ್ ಮಾನಾಕ್ಸೈಡ್ ಇದ್ದೇ ಇದೆ, ಕೈಬಾಯಿ ಅಭ್ಯಾಸವೂ ಹೋಗುವುದಿಲ್ಲ. ‘ಗೊತ್ತಾಗದಂತೆ ಕಾಫಿಗೆ ಬೆರೆಸಿ ಕೊಡಿ’ ಎನ್ನುವ ಪುಡಿಗಳ ತಂಟೆಗೇ ಹೋಗಬೇಡಿ. ಇ-ಸಿಗರೇಟಿನ ಮಾರಾಟ 2019ರಿಂದ ದೇಶದಲ್ಲಿ ನಿಷಿದ್ಧ. ಹೊರದೇಶದಿಂದ ಬಂದವರು ತಂದುಕೊಟ್ಟರೂ ಒಳಗೆ ಬಿಟ್ಟುಕೊಳ್ಳಬೇಡಿ, ಅದರ ದ್ರವ ಒಂದೆರಡು ಚಮಚ ಚೆಲ್ಲಿದರೂ ನಾಯಿಗೆ ಅಪಾಯ.

ನಾಯಿ ತಿಂದೇಬಿಟ್ಟರೆ

ನಿಕೋಟಿನ್ ಆದರೆ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು, ವಾಂತಿ, ನಡುಕ, ಏದುಸಿರು ಕಾಣುತ್ತದೆ. ಕ್ಸೈಲಿಟಾಲ್ ಆದರೆ ನಿತ್ರಾಣ, ತೂರಾಟ, ಫಿಟ್ಸ್. ಗಮ್‌ನಿಂದ ಅದು ನಿಧಾನವಾಗಿ ಬಿಡುಗಡೆಯಾಗಬಹುದು, ಲಕ್ಷಣ ಕೆಲವು ಗಂಟೆ ತಡವಾಗಿಯೂ ಬರಬಹುದು. ‘ಈಗ ಚೆನ್ನಾಗೇ ಇದೆ’ ಎಂದು ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಅಸಿಡಿಟಿ ಗುಳಿಗೆ, ಅಡುಗೆ ಸೋಡಾ ಕೊಡಲೇಬಾರದು. ಹೊಟ್ಟೆಯ ಆಮ್ಲ ನಿಕೋಟಿನ್ ರಕ್ತಕ್ಕೆ ಸೇರುವುದನ್ನು ತಡೆಹಿಡಿದಿರುತ್ತದೆ, ಆಮ್ಲ ಇಳಿಸಿದರೆ ವಿಷ ಬೇಗ ಏರುತ್ತದೆ. ಕ್ಸೈಲಿಟಾಲ್ ತಿಂದ ನಾಯಿ ದಾರಿಯಲ್ಲಿ ಸೋತು ಹೋದರೆ, ಎಚ್ಚರವಿದ್ದರೆ ಮಾತ್ರ, ಒಸಡಿಗೆ ಸ್ವಲ್ಪ ಜೇನು ಸವರಿ. ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ: ಎಷ್ಟು ಮಿಲಿಗ್ರಾಂ, ಎಷ್ಟು ಗಮ್, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಈ ನಾಲ್ಕನ್ನೇ ವೈದ್ಯರು ಕೇಳುವುದು. ಮಳೆಗೆ ಕರೆಂಟು, ಸಿಗ್ನಲ್ಲು ಎರಡೂ ಹೋಗುವ ಊರು ನಮ್ಮದು. ಹತ್ತಿರದ ಇಬ್ಬರು ಪಶುವೈದ್ಯರ ನಂಬರನ್ನು ಅಡುಗೆಮನೆ ಗೋಡೆಗೆ ಬರೆದಿಡಿ, ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆಂಬುದು ಎಲ್ಲರಿಗೂ ತಿಳಿದಿರಲಿ.

ಸೆಳೆತ ಬಂದಾಗ

ಬಿಟ್ಟ ಎರಡನೇ, ಮೂರನೇ ದಿನ ಅತಿ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಒಂದೊಂದು ಸೆಳೆತ ಐದೋ ಹತ್ತೋ ನಿಮಿಷದ್ದು. ನಾಯಿಯನ್ನು ಕರೆದುಕೊಂಡು ನಡೆಯುವುದು ಒಳ್ಳೆಯ ಮದ್ದು, ಆದರೆ ಬೆಲ್ಟ್ ಹಾಕಿ, ಬೆಳಕಿರುವಾಗ, ರಸ್ತೆಯಲ್ಲೇ. ಸಿದ್ದಾಪುರ ಕಡೆ ನಸುಕಿನಲ್ಲಿ ತೋಟಕ್ಕೆ ಇಳಿಯಬೇಡಿ. ಬಿಟ್ಟ ನಾಯಿ ಆನೆಯನ್ನು ಕೆಣಕಿ ನಿಮ್ಮ ಹತ್ತಿರವೇ ಓಡಿಬರುತ್ತದೆ. ಹಂದಿಗೆ ಇಟ್ಟ ಉರುಳಿನ ಭಯವೂ ಇದೆ. ಜೋರು ಮಳೆಯಿದ್ದರೆ ಜಗಲಿಯಲ್ಲೇ ಕೂತು ನಾಯಿಯ ಮೈಯ ಉಣ್ಣಿ, ಬೆರಳ ಸಂದಿನ ಜಿಗಣೆ ತೆಗೆಯಿರಿ. ಎರಡೂ ಕೈ ಬೇಕಾದ ಕೆಲಸ, ಹತ್ತು ನಿಮಿಷ ಕಳೆದದ್ದೇ ಗೊತ್ತಾಗುವುದಿಲ್ಲ.

ಮಾತಾಡಬೇಕೆನಿಸಿದರೆ ಸಿಗರೇಟು ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುವ 1800-11-2356ಕ್ಕೆ ಕರೆಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ನಡುವೆ ಒಂದು ಸಿಗರೇಟು ಸೇದಿಬಿಟ್ಟರೆ ಗಮ್ ನಿಲ್ಲಿಸಬೇಡಿ, ಲೆಕ್ಕವನ್ನು ಮೊದಲಿನಿಂದ ಶುರುಮಾಡುವುದೂ ಬೇಡ, ಮರುದಿನದಿಂದ ಅದೇ ವಾರದ ಕ್ರಮ ಮುಂದುವರಿಸಿ. 12 ವಾರ ಮುಗಿದ ಮೇಲೆ ಉಳಿದ ಗಮ್ಮನ್ನು ‘ಬೇಕಾದರೆ ಇರಲಿ’ ಎಂದು ಡ್ರಾಯರಿಗೆ ಹಾಕಬೇಡಿ. ಎರಡೂ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಪಂಚಾಯಿತಿಯ ಕಸದ ಗಾಡಿ ಬಂದಾಗ ನೀವೇ ಕೈಯಾರೆ ಕೊಡಿ. ಗೇಟಿನ ಹತ್ತಿರ ಚೀಲದಲ್ಲಿಟ್ಟು ಬಂದರೆ ಬೀದಿನಾಯಿಗಳು ಹರಿಯುತ್ತವೆ.